ಹಣದುಬ್ಬರ ಮತ್ತು ಮಕ್ಕಳ ಭತ್ಯೆ: ಬ್ರಿಟನ್ನಿನ ದರ ಪರಿಷ್ಕರಣೆಯ ವೆಚ್ಚ, 2010–2023

ಸಾರಾಂಶ: ಬೆಲೆಯೇರಿಕೆಗೆ ತಕ್ಕಂತೆ ಮಕ್ಕಳ ಭತ್ಯೆ ಹೆಚ್ಚಿಸುವುದನ್ನು ಬಜೆಟ್ ಚರ್ಚೆಯಲ್ಲಿ ಹೊಸ ಖರ್ಚೆಂದೇ ಎಣಿಸುವುದುಂಟು. ಆ ಎಣಿಕೆ ಅಪೂರ್ಣವೆಂಬುದನ್ನು ಬ್ರಿಟನ್ನಿನ ಚೈಲ್ಡ್ ಬೆನಿಫಿಟ್ ದರಗಳ ಆಧಾರದಲ್ಲಿ ಈ ಲೇಖನ ಪರಿಶೀಲಿಸುತ್ತದೆ.

1. ಕುಗ್ಗಿದ ಮೂಲದರ

1977ರಲ್ಲಿ ಜಾರಿಗೆ ಬಂದ ಈ ಭತ್ಯೆ 2010ರ ಏಪ್ರಿಲ್‌ನಲ್ಲಿ ಮೊದಲ ಮಗುವಿಗೆ ವಾರಕ್ಕೆ 20.30 ಪೌಂಡ್ ಇತ್ತು. 2011ರಿಂದ ಮೂರು ವರ್ಷ ದರ ಏರಲಿಲ್ಲ. 2014 ಮತ್ತು 2015ರಲ್ಲಿ ತಲಾ ಶೇ. 1ರಷ್ಟು ಏರಿತು, ಬಳಿಕ ಮತ್ತೆ ನಾಲ್ಕು ವರ್ಷ ಸ್ಥಗಿತ. 2020ರ ಏಪ್ರಿಲ್‌ನಲ್ಲಿ ದರ 21.05 ಪೌಂಡ್ ಆಯಿತು. ದಶಕದ ಒಟ್ಟು ಏರಿಕೆ ಶೇ. 3.7. ಇದೇ ಅವಧಿಯಲ್ಲಿ ಗ್ರಾಹಕ ಬೆಲೆಗಳು ಸುಮಾರು ಐದನೇ ಒಂದರಷ್ಟು ಹೆಚ್ಚಿದ್ದವು. ಬೆಲೆಯೊಂದಿಗೇ ಏರಿದ್ದರೆ ದರ 24 ಪೌಂಡ್ ದಾಟಬೇಕಿತ್ತು. ಮೊದಲ ಮಗುವಿನ ಲೆಕ್ಕದಲ್ಲೇ ವರ್ಷಕ್ಕೆ 150 ಪೌಂಡಿಗೂ ಮಿಕ್ಕಿ ಖೋತಾ.

2. ತಡವಾದ ಪರಿಷ್ಕರಣೆ

ಏಪ್ರಿಲ್‌ನ ಏರಿಕೆಗೆ ಹಿಂದಿನ ಸೆಪ್ಟೆಂಬರ್‌ನ ಹಣದುಬ್ಬರವೇ ಅಳತೆ. 2022ರ ಏಪ್ರಿಲ್‌ನಲ್ಲಿ ಭತ್ಯೆ ಶೇ. 3.1ರಷ್ಟು ಏರಿತು, ಆ ತಿಂಗಳ ಹಣದುಬ್ಬರವೋ ಶೇ. 9. 2023ರಲ್ಲಿ ಶೇ. 10.1ರ ಏರಿಕೆಯಿಂದ ದರ 21.80ರಿಂದ 24 ಪೌಂಡಿಗೆ ಮುಟ್ಟಿತು. ಬೊಕ್ಕಸಕ್ಕೆ ಇದು ಮೊದಲ ಮಗುವೊಂದಕ್ಕೆ ವರ್ಷಕ್ಕೆ ಸುಮಾರು 114 ಪೌಂಡ್ ಹೆಚ್ಚಿನ ಹೊರೆ. ಆದರೂ ಈ ದರ 2020ರಲ್ಲೇ ಇರಬೇಕಾಗಿದ್ದಷ್ಟಿರಲಿಲ್ಲ. ಶೇಕಡಾವಾರು ಏರಿಕೆ ಕುಗ್ಗಿದ ಮೂಲದರದ ಮೇಲೆ ಬಿದ್ದುದರಿಂದ ಹಳೆಯ ಖೋತಾ ಹಾಗೆಯೇ ಉಳಿಯಿತು.

3. ನಿವ್ವಳ ವೆಚ್ಚ

ಮಕ್ಕಳ ಸಂಖ್ಯೆ, ದರ, ಹಣದುಬ್ಬರ ಇವುಗಳ ಗುಣಲಬ್ಧವೇ ಪರಿಷ್ಕರಣೆಯ ಸ್ಥೂಲ ವೆಚ್ಚ. ಆದರೆ ಸಂಬಳ ಮತ್ತು ಮಾರಾಟದ ಮೊತ್ತ ಏರಿದಾಗ ಆದಾಯ ತೆರಿಗೆ, ವ್ಯಾಟ್‌ಗಳ ವಸೂಲಿಯೂ ಹಿಗ್ಗುತ್ತದೆ. ಹೆಚ್ಚು ವರಮಾನದವರಿಂದ ಭತ್ಯೆಯನ್ನು ತೆರಿಗೆಯಾಗಿ ಹಿಂಪಡೆಯುವ ಮಿತಿ 2013ರಿಂದ 2024ರವರೆಗೆ 50,000 ಪೌಂಡಿನಲ್ಲೇ ನಿಂತಿತ್ತು. ಸಂಬಳ ಏರಿದಂತೆ ಹೆಚ್ಚು ಕುಟುಂಬಗಳು ಅದರ ವ್ಯಾಪ್ತಿಗೆ ಬಂದವು. ಇಂಧನ ಆಮದು ದುಬಾರಿಯಾಗಿ ಸಂಬಳ ಹಿಂದುಳಿದ ವರ್ಷಗಳಲ್ಲಿ ಬೊಕ್ಕಸದ ಇಕ್ಕಟ್ಟು ನಿಜವೇ. ಆಗಲೂ ದರ ತಡೆಹಿಡಿದರೆ ಹೊರೆ ಇಲ್ಲವಾಗದು. ಮಕ್ಕಳಿರುವ ಮನೆಗಳ ಮೇಲೆ ಬೀಳುತ್ತದೆ.

4. ಸಮಾರೋಪ

ಬಜೆಟ್ ದಾಖಲೆಗಳು ಎರಡು ಅಂದಾಜುಗಳನ್ನು ಅಕ್ಕಪಕ್ಕ ಕೊಡಬೇಕು: ದರ ಏರಿಸಿದರೆ ಬೊಕ್ಕಸಕ್ಕೆ ತಗಲುವ ವೆಚ್ಚ, ಏರಿಸದಿದ್ದರೆ ಕುಟುಂಬಗಳು ಕಳೆದುಕೊಳ್ಳುವ ಮೊತ್ತ. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ತೋರಿಸುವ ಲೆಕ್ಕ ಮಕ್ಕಳಿಗೆ ಮಾಡುವ ಅನ್ಯಾಯ.