ಖಡ್ಗಧಾರಿಣಿಯ ಚಿತ್ರವೂ ಕೆಳದಿಯ ಚೆನ್ನಮ್ಮಾಜಿಯೂ

೧೯೬೬ರಲ್ಲಿ ಹಾಂಗ್‌ಕಾಂಗಿನ ಶಾ ಸಹೋದರರ ಸಂಸ್ಥೆಯಿಂದ ಹೊರಬಂದ 'ಕಮ್ ಡ್ರಿಂಕ್ ವಿತ್ ಮಿ' ಚಿತ್ರದಲ್ಲಿ ಒಂದು ಪ್ರಸಿದ್ಧ ದೃಶ್ಯವುಂಟು. ಸೆರೆಸಿಕ್ಕ ಸಹೋದರನನ್ನು ಬಿಡಿಸಲು ಪುರುಷವೇಷದಲ್ಲಿ ಬಂದ ನಾಯಿಕೆ ದಾರಿಯ ವಸತಿಗೃಹವೊಂದರಲ್ಲಿ ಕುಳಿತಿದ್ದಾಳೆ, ಸುತ್ತಲೂ ದರೋಡೆಗಾರರು. ಆಕೆ ಅವಸರಪಡುವುದಿಲ್ಲ. ನಾಯಿಕೆಯಾದ ಚೆಂಗ್ ಪೇ-ಪೇ ನೃತ್ಯ ಕಲಿತವಳು. ನಿರ್ದೇಶಕ ಕಿಂಗ್ ಹೂ ಪೀಕಿಂಗಿನ ಗೀತನಾಟಕದ ಲಯವನ್ನು ಕಾಳಗಕ್ಕೆ ತಂದವನು. ಆದ್ದರಿಂದ ಹೊಡೆತಕ್ಕಿಂತ ಹೊಡೆತದ ಮುಂಚಿನ ಮೌನವೇ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ.

ಕನ್ನಡದಲ್ಲಿ ಈ ಬಗೆಯ ನಾಯಿಕೆ ಅದಕ್ಕೂ ಮುಂಚೆಯೇ ಬಂದಿದ್ದಳು. ೧೯೬೧ರಲ್ಲಿ ಪಂತುಲು ಅವರು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿಯವರು ರಾಣಿಯಾದರು. ೧೯೭೨ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರ ಓಬವ್ವನಿಗೆ ದೊರೆತುದು ಒಂದು ಹಾಡಿನ ಅವಧಿ ಮಾತ್ರ. ಆದರೂ ಒನಕೆಯನ್ನು ಮರೆತವರಿಲ್ಲ.

ಶಿವಮೊಗ್ಗದ ನೆಲದಲ್ಲಿ ನಿಂತು ನೋಡಿದರೆ ಈ ಪರಂಪರೆಯ ಕೊರತೆಯೊಂದು ಕಾಣುತ್ತದೆ. ನಗರದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಯಿದೆ. ಆತನ ಸೊಸೆ ಚೆನ್ನಮ್ಮಾಜಿ, ಪತಿ ಸೋಮಶೇಖರನಾಯಕನ ಮರಣಾನಂತರ ಸುಮಾರು ೧೬೭೨ರಿಂದ ಇಪ್ಪತ್ತೈದು ವರ್ಷ ಬಿದನೂರಿನಿಂದ ರಾಜ್ಯವಾಳಿದಳು. ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡಳು. ಲಿಂಗಣ್ಣಕವಿಯ 'ಕೆಳದಿನೃಪವಿಜಯ' ಆ ವಂಶದ ಕಥೆಯನ್ನು ಹೇಳುತ್ತದೆ.

೧೬೮೯ರಲ್ಲಿ ಮೊಗಲರು ಸಂಭಾಜಿಯನ್ನು ಕೊಂದ ಮೇಲೆ ಅವನ ತಮ್ಮ ರಾಜಾರಾಮನು ಜಂಗಮವೇಷ ಧರಿಸಿ ಜಿಂಜಿಯತ್ತ ಹೊರಟನು. ಇಲ್ಲಿ ವೇಷ ತೊಟ್ಟವನು ಅರಸ; ತನ್ನ ನಿಜರೂಪದಲ್ಲಿಯೇ ನಿಂತು ಆತನಿಗೆ ಆಶ್ರಯವಿತ್ತವಳು ರಾಣಿ. ಚೀನೀ ಚಿತ್ರದ ಕಥೆಗೆ ಇದು ನೇರ ವಿಪರ್ಯಾಸ. ಔರಂಗಜೇಬನ ಸೇನೆ ಕೆಳದಿಯ ಮೇಲೆ ಬಂದಿತು, ಮಲೆನಾಡಿನ ಕಾಡು, ಕಣಿವೆ, ಮಳೆಗಳು ರಾಣಿಯ ಪಕ್ಷದಲ್ಲಿದ್ದವು, ಕೊನೆಗೆ ಸಂಧಿಯಾಯಿತು. ರಾಜಾರಾಮನು ಅಷ್ಟರಲ್ಲಿ ಜಿಂಜಿಯನ್ನು ಸೇರಿದ್ದನು.

ಇದನ್ನು ತೆರೆಗೆ ತರುವವನಿಗೆ ನಿಜವಾದ ತೊಡಕು ಯುದ್ಧದ್ದಲ್ಲ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಬೆಳೆದ ಭದ್ರಾವತಿಯಂಥ (ಹಿಂದಿನ ಬೆಂಕಿಪುರ) ಊರಿನಲ್ಲಿ ಹಲವು ಭಾಷೆಯ ಕಾರ್ಮಿಕರು ನೆಲಸಿದರು. ಅಂಥ ಪ್ರೇಕ್ಷಕರಿಗೆ ಮಾತು ತಿಳಿಯದಿದ್ದರೂ ಕತ್ತಿಯ ವರಸೆ ತಿಳಿಯುತ್ತದೆ. ಆಶ್ರಯ ಬೇಡಿ ಬಂದವನನ್ನು ಒಪ್ಪಿಸಲಾರೆನೆಂಬ ನಿರ್ಧಾರವಾದರೋ ಸಭೆಯಲ್ಲಿ ಆಗುವಂಥದು. ಅಲ್ಲಿ ಕತ್ತಿ ಒರೆಯಲ್ಲಿಯೇ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕಿಂಗ್ ಹೂವಿನ ಆ ಮೌನದ ದೃಶ್ಯವನ್ನು ಬಲ್ಲ ನಿರ್ದೇಶಕನಿಗೆ ಇದು ಅಸಾಧ್ಯವಲ್ಲ. ಬಿದನೂರಿನ ಸಭೆಯೇ ಅವನ ವಸತಿಗೃಹವಾದೀತು.