ಕೈಗೆಟುಕದ ಹಿಡಿ

ನಂಜನಗೂಡಿನ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರು ಒಲೆಯಿಂದ ದೂರ, ಬೆನ್ನ ಹಿಂದಿನ ಮೂಲೆಯಲ್ಲಿತ್ತು. ಕ್ಷೇಮವೆಂದು ನಾನೇ ಇಡಿಸಿದ್ದೆ. ಒಂದು ಸಂಜೆ ಬಾಣಲೆಗೆ ಬೆಂಕಿ ಹತ್ತಿತು. ರೆಗ್ಯುಲೇಟರಿಗೆ ಕೈ ಹಾಕಲು ಬೆಂಕಿಗೆ ಬೆನ್ನು ಮಾಡಿದೆ. ಸೆರಗಿನ ತುದಿ ಸುಟ್ಟಿತು.

ಅಂದು ರಾತ್ರಿ, ಹಿಂದೆಂದೋ ಓದಿದ್ದ ಒಂದು ವಿಮಾನದ ಕಥೆ ನೆನಪಾಯಿತು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದು ತೀರಿಕೊಂಡದ್ದು ‘ಲಾಂಗ್ ಈಝೀ’ಯಲ್ಲಿ. ಬರ್ಟ್ ರುಟಾನನ ನಕ್ಷೆ ತರಿಸಿಕೊಂಡು ಮನೆಯಲ್ಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನವದು. ನಮ್ಮ ಬೆಂಗಳೂರಿನ ಎನ್.ಎ.ಎಲ್. ಕೂಡ 1980ರ ದಶಕದಲ್ಲಿ ಅದೇ ವಿನ್ಯಾಸದ ಒಂದನ್ನು ಕಟ್ಟಿ ಹಾರಿಸಿತ್ತು.

ನಕ್ಷೆಯಲ್ಲಿ, ಇಂಧನದ ಟ್ಯಾಂಕು ಬದಲಿಸುವ ಹಿಡಿ ಚಾಲಕನ ಕಾಲುಗಳ ನಡುವೆ ಇತ್ತು. ಡೆನ್ವರ್ ಕೊಂಡ ವಿಮಾನವನ್ನು ಕಟ್ಟಿದಾತ, ಇಂಧನ ಚಾಲಕನ ಬಳಿ ಸುಳಿಯದಿರಲೆಂದು ಅದನ್ನು ಎಡಭುಜದ ಹಿಂದಕ್ಕೆ ಸರಿಸಿದ್ದ. ಹಿಡಿ ತಿರುಗಿಸಲು ಹೊರಳಿದಾಗ ಡೆನ್ವರನ ಬಲಗಾಲು ಅರಿವಿಲ್ಲದೆ ಪೆಡಲನ್ನು ಒತ್ತಿರಬೇಕೆಂದಿತು ತನಿಖೆ.

ಇಬ್ಬರ ಉದ್ದೇಶವೂ ಕ್ಷೇಮವೇ ಆಗಿತ್ತು. ಆದರೆ ಗಾಬರಿಯಲ್ಲಿ ಕೈ ಎಲ್ಲಿಗೆ ಹೋಗುತ್ತದೆಂದು ಇಬ್ಬರೂ ಯೋಚಿಸಲಿಲ್ಲ.

ಟಿ. ನರಸೀಪುರದಲ್ಲಿ ತಂಗಿ ಮನೆ ಕಟ್ಟಿಸುತ್ತಿದ್ದಾಳೆ. ಅವಳಿಗೆ ಹೇಳಿದ್ದೇನೆ: ಕಣ್ಣು ಒಲೆಯ ಮೇಲೇ ಇರಲಿ, ಕೈ ಚಾಚಿ ನೋಡು, ಸಿಗದಿದ್ದರೆ ಈಗಲೇ ಬದಲಾಯಿಸು.