ನೃಪತುಂಗ ಬೆಟ್ಟ ಹತ್ತುವ ಮುಂಚೆ ಮಳಖೇಡ ನೋಡಿ ಬರ್ರಿ

ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಒಂದು ಗುಡ್ಡ ಇದೆ. ಹೆಸರು ನೃಪತುಂಗ ಬೆಟ್ಟ. ಶಹರದ ಮಗ್ಗುಲಲ್ಲೇ ಇರುವ ಈ ಗುಡ್ಡದ ಮೇಲೆ ಉದ್ಯಾನ ಮಾಡಿದ್ದಾರೆ. ಬೆಳಿಗ್ಗೆ ವಾಕಿಂಗ್ ಮಾಡುವವರು ಬರುತ್ತಾರೆ, ಸಂಜೆ ಮಕ್ಕಳು ಮರಿ ಕಟ್ಟಿಕೊಂಡು ಮನೆ ಮಂದಿ ಬರುತ್ತಾರೆ. ಮೇಲೆ ನಿಂತರೆ ಹುಬ್ಬಳ್ಳಿ ಊರು ಕಾಲ ಕೆಳಗೆ ಹಾಸಿದಂತೆ ಕಾಣುತ್ತದೆ.

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಂದಿ ಹುಬ್ಬಳ್ಳಿಗೆ ಹೋಗುವುದುಂಟು. ಸಿದ್ಧಾರೂಢರ ಗದ್ದುಗೆಗೆ ಕೈಮುಗಿದು, ಹೊತ್ತು ಉಳಿದರೆ ಈ ಬೆಟ್ಟಕ್ಕೂ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಶಾಲೆ ಮಕ್ಕಳ ಪ್ರವಾಸದ ಬಸ್ಸೂ ಅಲ್ಲಿ ನಿಲ್ಲುವುದುಂಟು. ಆದರೆ ಫಲಕದ ಮೇಲಿನ ಆ ಹೆಸರು ಯಾರದು, ಅವನು ಯಾವ ಊರಲ್ಲಿ ಕೂತು ಆಳಿದ ಎಂದು ನಮ್ಮ ಹುಡುಗರನ್ನು ಕೇಳಿ ನೋಡಿರಿ. ಬಹಳ ಮಂದಿ ಸುಮ್ಮನಾಗುತ್ತಾರೆ.

ಅವನು ಆಳಿದ್ದು ನಮ್ಮ ಜಿಲ್ಲೆಯಿಂದಲೇ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರ, ಸೇಡಂ ರಸ್ತೆಯಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡದಿಂದ.

ಯಾರು ಈ ನೃಪತುಂಗ?

ರಾಷ್ಟ್ರಕೂಟ ದೊರೆ ಒಂದನೆಯ ಅಮೋಘವರ್ಷನಿಗೆ ನೃಪತುಂಗ ಎಂಬುದು ಬಿರುದು. ನೃಪ ಎಂದರೆ ರಾಜ, ತುಂಗ ಎಂದರೆ ಎತ್ತರ. ರಾಜರಲ್ಲೇ ಎತ್ತರದವನು ಎಂದು ಅರ್ಥ. ಬೆಟ್ಟಕ್ಕೆ ಈ ಹೆಸರು ಹೊಂದಿಕೊಂಡಿದೆ.

ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಹುಡುಗ. ಸಾಮಂತರು ತಿರುಗಿಬಿದ್ದರು. ಗುಜರಾತ್ ಕಡೆ ಆಳುತ್ತಿದ್ದ ದಾಯಾದಿ ಕರ್ಕ ಜೊತೆಗೆ ನಿಂತು ಸಿಂಹಾಸನ ಉಳಿಸಿಕೊಟ್ಟ. ಅಲ್ಲಿಂದ ಮುಂದೆ ಸುಮಾರು 878ರ ತನಕ, ಅಂದರೆ 64 ವರ್ಷ ಆಳಿದ. ರಾಜಧಾನಿಯನ್ನು ಮಾನ್ಯಖೇಟದಲ್ಲಿ ನೆಲೆಗೊಳಿಸಿದವನು ಅವನೇ. ಮಾನ್ಯಖೇಟವೇ ಇಂದಿನ ಮಳಖೇಡ.

851ರ ಸುಮಾರಿಗೆ ಸುಲೈಮಾನ್ ಎಂಬ ಅರಬ್ ವ್ಯಾಪಾರಿಯ ಪ್ರವಾಸದ ಸಂಗತಿಗಳು ಬರವಣಿಗೆಗೆ ಬಂದವು. ಅದರಲ್ಲಿ ಲೋಕದ ನಾಲ್ಕು ದೊಡ್ಡ ರಾಜರ ಪಟ್ಟಿ ಇದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್‌ನ ದೊರೆ, ನಾಲ್ಕನೆಯವನು ಬಲ್ಹರಾ. ರಾಷ್ಟ್ರಕೂಟರ ವಲ್ಲಭರಾಜ ಎಂಬ ಬಿರುದು ಅರಬರ ಬಾಯಲ್ಲಿ ಬಲ್ಹರಾ ಆಗಿತ್ತು. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ.

ಅವನ ಬಗ್ಗೆ ಇನ್ನೊಂದು ಸಂಗತಿ 871ರ ಸಂಜಾನ್ ತಾಮ್ರಪಟದಲ್ಲಿದೆ. ಪ್ರಜೆಗಳ ಮೇಲೆ ಬಂದ ಆಪತ್ತು ಕಳೆಯಲಿ ಎಂದು ದೊರೆ ತನ್ನ ಎಡಗೈ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದ ಎಂದು ಅದು ಹೇಳುತ್ತದೆ. ತಾಮ್ರಪಟ ಎಂದರೆ ಹೊಗಳಿಕೆ ಇದ್ದೇ ಇರುತ್ತದೆ. ಆದರೂ ಯುದ್ಧ ಗೆದ್ದ ಮಾತಿನ ಜೊತೆಗೆ ಮಂದಿಗಾಗಿ ಬೆರಳು ಕೊಟ್ಟ ಮಾತನ್ನೂ ಬರೆಸಿದರು ಎಂಬುದನ್ನು ಗಮನಿಸಬೇಕು.

ಓದು ಬಾರದವರಿಗೂ ಕಾವ್ಯ ಗೊತ್ತು ಎಂದ ಪುಸ್ತಕ

ಈ ದೊರೆಯ ಆಸ್ಥಾನದಲ್ಲಿ ಶ್ರೀವಿಜಯ ಎಂಬ ಕವಿ 850ರ ಸುಮಾರಿಗೆ ‘ಕವಿರಾಜಮಾರ್ಗ’ ರಚಿಸಿದ. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಎಲ್ಲಕ್ಕೂ ಹಳೆಯದು ಇದೇ. ಕಾವ್ಯ ಹೇಗೆ ಕಟ್ಟಬೇಕು, ಯಾವುದು ತಪ್ಪು, ಯಾವುದು ಒಪ್ಪು ಎಂದು ಹೇಳಿಕೊಡುವ ಗ್ರಂಥ ಅದು. 1898ರಲ್ಲಿ ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಎಲ್ಲರ ಕೈಗೆ ಬಂತು.

ಅದರಲ್ಲಿರುವ ಎರಡು ಮಾತು ನಮ್ಮ ಭಾಗದವರಿಗೆ ಬಹಳ ಬೇಕಾದವು.

ಒಂದು, ಕನ್ನಡ ನಾಡಿನ ಎಲ್ಲೆ. ಕಾವೇರಿಯಿಂದ ಗೋದಾವರಿಯ ತನಕ ಈ ನಾಡು ಇದೆ ಎನ್ನುತ್ತದೆ ಪುಸ್ತಕ. ಗೋದಾವರಿ ಹರಿಯುವುದು ನಾಂದೇಡದ ಪಕ್ಕದಲ್ಲಿ. ಹಿರೋಳ್ಳಿಯಲ್ಲಿ ಕರ್ನಾಟಕ ಮುಗಿದು ಮಹಾರಾಷ್ಟ್ರ ಶುರುವಾಗುತ್ತದೆ. ಆ ಕಾಲದಲ್ಲಿ ನಮ್ಮ ಊರು ಅಂಚಿನಲ್ಲಿರಲಿಲ್ಲ, ನಾಡಿನ ಒಳಗೇ ಇತ್ತು. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರು ಎಂದು ಕರೆದುಕೊಂಡರು. ಅದು ಇಂದಿನ ಲಾತೂರ. ಎಲ್ಲೋರಾದ ಕೈಲಾಸ ದೇವಾಲಯ ಕೊರೆಸಿದವನು ಇದೇ ಮನೆತನದ ಒಂದನೆಯ ಕೃಷ್ಣ. ಇದನ್ನು ಹೇಳುವುದು ಆಚೆಯವರ ನೆಲ ಕೇಳಲಿಕ್ಕೆ ಅಲ್ಲ. ಅಕ್ಕಲಕೋಟ, ದುಧನಿ ಕಡೆ ಹೆಣ್ಣು ಕೊಟ್ಟು ತಂದ ನಮಗೆ ಗಡಿ ಎಂದರೆ ಬೀಗರ ಊರಿನ ದಾರಿ. ಎರಡೂ ಭಾಷೆಯವರ ಹಿರಿಯರನ್ನು ಒಂದೇ ಅರಮನೆ ಆಳಿತ್ತು ಎಂಬುದು ಇಬ್ಬರಿಗೂ ಗೊತ್ತಿರಲಿ.

ಎರಡನೆಯದು ಇನ್ನೂ ದೊಡ್ಡ ಮಾತು. ಈ ನಾಡಿನ ಜನ ಕೂತು ಓದಿ ಕಲಿಯದಿದ್ದರೂ ಕಾವ್ಯದ ಮರ್ಮ ಬಲ್ಲವರು ಎನ್ನುತ್ತದೆ ಆ ಗ್ರಂಥ. ಸಾವಿರ ವರ್ಷದ ಹಿಂದಿನ ರಾಜನ ಆಸ್ಥಾನದಿಂದ ಬಂದ ಈ ಮಾತು ಕಣದಲ್ಲಿ ಹಂತಿ ಪದ ಹಾಡಿದವರಿಗೆ, ಬೀಸುಕಲ್ಲಿನ ಮುಂದೆ ಪದ ಕಟ್ಟಿದ ಅಮ್ಮಂದಿರಿಗೆ ಸಲ್ಲುತ್ತದೆ. ಇಂದು ನಮ್ಮ ಭಾಗದ ಸುದ್ದಿ ಬಂದಾಗಲೆಲ್ಲ ‘ಹಿಂದುಳಿದ’ ಎಂಬ ಪದ ಮೊದಲು ಬರುತ್ತದೆ. ಕೆಲಸಕ್ಕೆ, ಶಿಕ್ಷಣಕ್ಕೆ 371(ಜೆ) ಮೀಸಲಾತಿ ಬೇಕೇ ಬೇಕು. ಆದರೆ ಮಗುವಿನ ಕಿವಿಗೆ ಅದೊಂದೇ ಪದ ಬೀಳಬಾರದು.

ಹೆಸರು ಹುಬ್ಬಳ್ಳಿಗೆ ಹೇಗೆ ಹೋಯಿತು?

972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟದ ಮೇಲೆ ಬಿದ್ದು ಊರನ್ನು ಲೂಟಿ ಮಾಡಿದ. ಮರು ವರ್ಷವೇ ಚಾಲುಕ್ಯ ತೈಲಪ ಅಧಿಕಾರ ಹಿಡಿದ. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಮಳಖೇಡ ಸಣ್ಣ ಊರಾಗಿ ಉಳಿಯಿತು.

ಬಹಳ ಕಾಲದ ಮೇಲೆ ಕನ್ನಡ ನಾಡು ಚೂರು ಚೂರಾಯಿತು. ಮಳಖೇಡ, ಆಳಂದ ನಿಜಾಮರ ಹೈದರಾಬಾದಿನಲ್ಲಿದ್ದವು. ಹುಬ್ಬಳ್ಳಿ, ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಒಂದೇ ಕರ್ನಾಟಕ ಬೇಕು ಎಂದು ಹೋರಾಡಿದವರಿಗೆ ಕಾವೇರಿಯಿಂದ ಗೋದಾವರಿ ಎಂಬ ಆ ಹಳೆಯ ಮಾತು ದೊಡ್ಡ ಬಲ ಕೊಟ್ಟಿತು. ನಾಡು ಹಿಂದೆ ಒಂದಾಗಿತ್ತು ಎನ್ನಲು ಅದು ಸಾಕ್ಷಿಯಾಗಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿ ಮತ್ತು ಹುಬ್ಬಳ್ಳಿ ಒಂದೇ ರಾಜ್ಯಕ್ಕೆ ಬಂದವು.

ಏಕೀಕರಣಕ್ಕೆ ದುಡಿದ ಊರಿನ ಗುಡ್ಡದ ಮೇಲೆ ಮಳಖೇಡದ ದೊರೆಯ ಹೆಸರು ಇರುವುದು ಸರಿಯಾಗಿಯೇ ಇದೆ. ಹುಬ್ಬಳ್ಳಿಯವರು ಅವನನ್ನು ತಮ್ಮವನು ಎಂದುಕೊಂಡರು. ನಾವು ಮರೆಯದಿದ್ದರೆ ಸಾಕು.

ಪ್ರವಾಸ ಹೀಗೆ ಮಾಡಿರಿ

ಮೊದಲು ಮಳಖೇಡ. ಇದು ಒಂದು ದಿನದ ಕೆಲಸ. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಸೇಡಂ ಬಸ್ಸು ಹತ್ತಿದರೆ ಮಳಖೇಡ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠ ನೋಡಿರಿ. ಅರಮನೆ ಹುಡುಕಬೇಡಿರಿ, ಅದು ಉಳಿದಿಲ್ಲ. ಕೋಟೆಯೊಳಗೆ ನಿಂತು ಬಾಗ್ದಾದಿನ ತನಕ ಹೆಸರು ಹೋದ ಊರು ಇದೇ ಎಂದು ಮಕ್ಕಳಿಗೆ ಹೇಳಿರಿ.

ಎರಡನೆಯದು ಪಟ್ಟದಕಲ್ಲು. ಹುಬ್ಬಳ್ಳಿಗೆ ವಿಜಯಪುರ, ಬಾಗಲಕೋಟೆ ಮೇಲೆ ಹೋಗುವವರು ಬಾದಾಮಿ ಕಡೆ ಹೊರಳಿದರೆ ಸಿಗುತ್ತದೆ. ‘ಕವಿರಾಜಮಾರ್ಗ’ದಲ್ಲಿ ತಿರುಳುಗನ್ನಡದ ಸೀಮೆಯನ್ನು ಗುರುತಿಸುವ ನಾಲ್ಕು ಊರುಗಳ ಹೆಸರಿವೆ. ಅವುಗಳಲ್ಲಿ ಕಿಸುವೊಳಲ್ ಎಂದರೆ ಈ ಪಟ್ಟದಕಲ್ಲು, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಕೊಪಣ ಎಂದರೆ ಕೊಪ್ಪಳ. ಮಳಖೇಡದಲ್ಲಿ ಕೂತ ಆಸ್ಥಾನ ಅಷ್ಟು ದೂರದ ಸೀಮೆಯ ಮಾತಿಗೆ ಮಾನ ಕೊಟ್ಟಿತ್ತು. ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜೈನ ಬಸದಿಯೂ ಇದೆ.

ಮೂರನೆಯದು ನೃಪತುಂಗ ಬೆಟ್ಟ. ರೈಲಿನಲ್ಲಿ ಹೋಗುವವರಿಗೆ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರ, ಗದಗ ಮೇಲೆ ಹಳಿ ಇದೆ. ರೈಲಿನ ವೇಳೆಯನ್ನು ಹೊರಡುವ ಮುಂಚೆ ವಿಚಾರಿಸಿಕೊಳ್ಳಿರಿ. ಬೆಟ್ಟಕ್ಕೆ ಬೆಳಿಗ್ಗೆ ಇಲ್ಲವೇ ಬಿಸಿಲು ಇಳಿದ ಮೇಲೆ ಹೋಗಿರಿ. ನೀರಿನ ಬಾಟಲಿ ಜೊತೆಗಿರಲಿ. ವಯಸ್ಸಾದವರನ್ನು ಅವಸರ ಮಾಡಿ ಹತ್ತಿಸಬೇಡಿರಿ. ಅದೇ ದಿನ ಉಣಕಲ್ಲಿನ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯ ಮತ್ತು ಸಿದ್ಧಾರೂಢ ಮಠ ಮುಗಿಸಬಹುದು. ಸಿದ್ಧಾರೂಢರೂ ನಮ್ಮ ಕಡೆಯವರೇ, ಬೀದರ ಜಿಲ್ಲೆಯ ಚಳಕಾಪುರದಲ್ಲಿ ಹುಟ್ಟಿದವರು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿರಿ. ಆದರೆ ಬುತ್ತಿ ಬಿಚ್ಚುವ ಮುಂಚೆ ಮಕ್ಕಳನ್ನು ಬೆಟ್ಟದ ಫಲಕದ ಮುಂದೆ ನಿಲ್ಲಿಸಿರಿ. ‘ನೃಪತುಂಗ’ ಎಂದು ಅವರೇ ಓದಲಿ, ಅವನು ಯಾವ ಊರಿನ ದೊರೆ ಎಂದು ಅವರೇ ಹೇಳಲಿ. ಮಳಖೇಡ ನೋಡಿ ಬಂದ ಮಕ್ಕಳಾದರೆ ಉತ್ತರಕ್ಕೆ ತಡವರಿಸುವುದಿಲ್ಲ.